ಟವಲಿನಡಿ ಹೋದ ಹುಡುಗ

ಹಂಪಾಪುರದ ಶಿವನಂಜಪ್ಪ ಜೀವಮಾನದಲ್ಲಿ ಒಮ್ಮೆಯೂ ಫುಟ್‌ಬಾಲ್ ಒದ್ದವನಲ್ಲ. ಒಂದು ಸಲ ಚೆಂಡೇ ದಾರಿ ತಪ್ಪಿ ಬಂದು ಅವನ ಮೊಣಕಾಲಿಗೆ ಬಡಿದು ವಾಪಸು ಮೈದಾನಕ್ಕೆ ಹೋಗಿತ್ತು. ಅದನ್ನೂ ಆಟವೆಂದು ಒಪ್ಪುವುದಾದರೆ ಅವನೂ ಆಟಗಾರನೇ. ಅಭಿಮಾನಕ್ಕೆ ಮಾತ್ರ ಕೊರತೆಯಿರಲಿಲ್ಲ. ಊರಿನ ‘ಕಪಿಲಾ ಸೆವೆನ್ಸ್’ ತಂಡ ಎಲ್ಲಿ ಆಡಿದರೆ ಅಲ್ಲಿ ಅವನು ಹಾಜರು. ತಂಡ ಸೋತ ದಿನ ರಾತ್ರಿ ಊಟ ಬಿಡುತ್ತಿದ್ದ. ತಂಡ ಸೋಲುತ್ತಲೇ ಇದ್ದುದರಿಂದ ಪ್ರತಿವರ್ಷ ಬೇಸಿಗೆ ಮುಗಿಯುವ ಹೊತ್ತಿಗೆ ಅರ್ಧ ಆಳಾಗುತ್ತಿದ್ದ. ಹೆಂಡತಿ ಸುನಂದಮ್ಮ ಇದನ್ನು ಸಕ್ಕರೆ ಕಾಯಿಲೆಯೆಂದು ತಿಳಿದು ಕೋಟೆಯ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ರಕ್ತ ಪರೀಕ್ಷೆ ಮಾಡಿಸಿದ್ದಳು. ರಕ್ತದಲ್ಲಿ ಸಕ್ಕರೆ ಇರಲಿಲ್ಲ. ಫುಟ್‌ಬಾಲನ್ನು ಪತ್ತೆ ಹಚ್ಚುವ ಪರೀಕ್ಷೆ ಅಲ್ಲಿ ಮಾಡುತ್ತಿರಲಿಲ್ಲ.

ಈ ಸೆವೆನ್ಸ್ ಎನ್ನುವುದು ಕೇರಳದ ಗಡಿ ದಾಟಿ ಎನ್. ಬೇಗೂರಿನ ಕಡೆಯಿಂದ ನಮ್ಮ ಸೀಮೆಗೆ ನುಗ್ಗಿದ ಆಟ. ಒಂದೊಂದು ಕಡೆಗೆ ಏಳೇಳು ಜನ. ಸುಗ್ಗಿ ಮುಗಿದು ಗದ್ದೆಬಯಲು ಒಣಗಿದ ಮೇಲೆ ಪಂದ್ಯ, ಮಳೆಗಾಲವೆಲ್ಲ ರಜೆ. ಆದರೆ ಗೆಲ್ಲುವುದು ಸೋಲುವುದು ನಿಶ್ಚಯವಾಗುವುದು ಆ ರಜೆಯಲ್ಲೇ. ಕೆ.ಆರ್. ನಗರದವರು, ಪಿರಿಯಾಪಟ್ಟಣದವರು, ಹುಣಸೂರಿನವರು ಮಳೆಯಲ್ಲಿ ಕೊಡೆ ಹಿಡಿದುಕೊಂಡು ಊರೂರು ಸುತ್ತಿ ಒಳ್ಳೊಳ್ಳೆಯ ಹುಡುಗರನ್ನು ಹೆಕ್ಕಿಕೊಂಡು ಹೋಗುತ್ತಾರೆ. ಹಂಪಾಪುರದವರು ಮಾತ್ರ ಕೊಡೆಯನ್ನು ಮಡಿಸಿ ಮೂಲೆಗಿಟ್ಟು ಕೂತಿರುತ್ತಾರೆ, ಏಕೆಂದರೆ ಅವರ ತಂಡದ ಯಜಮಾನರು ಶುಂಠಿ ಮಂಡಿ ಗುರುಮಲ್ಲಪ್ಪನವರು.

ಶುಂಠಿ ವ್ಯಾಪಾರದಲ್ಲಿ ಗುರುಮಲ್ಲಪ್ಪನವರನ್ನು ಗೆದ್ದವರಿಲ್ಲ. ಅವರ ಗುಟ್ಟು ಇಷ್ಟೇ: ಕಾಯುವುದು. ರೇಟು ಇಳಿಯುವ ತನಕ ಕೊಳ್ಳುತ್ತಿರಲಿಲ್ಲ, ಏರುವ ತನಕ ಮಾರುತ್ತಿರಲಿಲ್ಲ. ಆಟಗಾರರನ್ನೂ ಅವರು ಶುಂಠಿಯ ಕಣ್ಣಿನಿಂದಲೇ ನೋಡುತ್ತಿದ್ದರು. ಆರಿದ್ರೆ ಮಳೆಯಲ್ಲಿ ಹೋಗಿ, “ಯಜಮಾನ್ರೇ, ಒಬ್ಬ ಒಳ್ಳೆ ಹುಡುಗ ಅವ್ನೆ,” ಎಂದರೆ, “ಪುಷ್ಯ ಮಳೆ ಹೋಗ್ಲಿ ನೋಡವ,” ಎನ್ನುವರು. ಪುಷ್ಯದಲ್ಲಿ ಹೋದರೆ, “ಮಘೆ ಎಂಗೆ ಉಯ್ತದೋ ನೋಡ್ಕಳವ.” ಮಘೆಯಲ್ಲಿ ಹೋದರೆ ಹುಬ್ಬೆ, ಹುಬ್ಬೆಯಲ್ಲಿ ಹೋದರೆ ಉತ್ತರೆ. ಹಸ್ತ, ಚಿತ್ತೆಗಳೂ ಸುರಿದು ಖಾಲಿಯಾಗುವ ಹೊತ್ತಿಗೆ ಸುತ್ತಮುತ್ತ ಯಾರಿಗೂ ಬೇಡವಾಗಿ ಉಳಿಯುತ್ತಿದ್ದವರು ಮೊಣಕಾಲು ಹೋದವರು ಮತ್ತು ಮದುವೆ ಗೊತ್ತಾದವರು. ಅವರಲ್ಲೂ ಯಜಮಾನರು ಚೌಕಾಸಿ ಮಾಡುತ್ತಿದ್ದರು.

ಇದ್ದುದರಲ್ಲಿ ತಂಡಕ್ಕಿದ್ದ ಒಂದೇ ಭಾಗ್ಯ ಸುನೀಲ್‌ಕುಮಾರ. ಶಿವನಂಜಪ್ಪನ ಪಕ್ಕದ ಮನೆಯ ಹುಡುಗ, ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೆಲಸ, ಅಜ್ಜಿ ದೊಡ್ಡತಾಯಮ್ಮ ಸಾಕಿ ಬೆಳೆಸಿದವನು. ಚೆಂಡು ಅವನ ಕಾಲಿಗೆ ಸಿಕ್ಕರೆ ಹಿಡಿಯುವವರಿಲ್ಲ. ಇದು ಎಲ್ಲ ಊರಿಗೂ ಗೊತ್ತಿದ್ದುದರಿಂದ ಎದುರಾಳಿಗಳು ಮಿಕ್ಕವರನ್ನು ಬಿಟ್ಟು ಅವನೊಬ್ಬನನ್ನೇ ಮುತ್ತಿಕೊಳ್ಳುತ್ತಿದ್ದರು. ಮಿಕ್ಕ ಹಂಪಾಪುರದವರು ಮೈದಾನದಲ್ಲಿ ಆರಾಮವಾಗಿ ನಿಂತಿರಬಹುದಾಗಿತ್ತು, ನಿಂತೂ ಇರುತ್ತಿದ್ದರು. ಒಂಟಿ ಎತ್ತು ಕಟ್ಟಿ ಗಾಡಿ ಹೊಡೆದಂಥ ಆಟ. ಹೋದ ವರ್ಷ ಇಡೀ ಸೀಸನ್ನಿನಲ್ಲಿ ಕಪಿಲಾ ಸೆವೆನ್ಸ್ ಒಂದು ಗೋಲನ್ನೂ ಹೊಡೆಯಲಿಲ್ಲ.

ಶಿವನಂಜಪ್ಪನ ಆಸೆ ದೊಡ್ಡದೇನಲ್ಲ. ಶೀಲ್ಡು ಬೇಡ, ಮೆರವಣಿಗೆ ಬೇಡ. ಒಂದು ಗೋಲು ಸಾಕು. ಹಂಪಾಪುರದ ಹುಡುಗ ಒದ್ದ ಚೆಂಡು ಬಲೆಗೆ ಬಿದ್ದು ಬಲೆ ಉಬ್ಬುವುದನ್ನು ಕಣ್ಣಾರೆ ನೋಡಬೇಕು, ಗಂಟಲು ಹರಿಯುವಂತೆ ಕೂಗಬೇಕು. ಆ ಕೂಗು ಹೋದ ವರ್ಷದಿಂದ ಅವನ ಗಂಟಲಲ್ಲೇ ಸಿಕ್ಕಿಕೊಂಡಿತ್ತು. ಮಳೆ ಹನಿಯುವ ಸಂಜೆಗಳಲ್ಲಿ ಅವನು ಮೈದಾನದ ಬೇಲಿ ಹಿಡಿದು ನಿಲ್ಲುತ್ತಿದ್ದ. ಗೋಲುಗಂಬಗಳ ನಡುವೆ ನಿಂತ ನೀರಿನಲ್ಲಿ ಒಂದು ಕೊಕ್ಕರೆ ಓಡಾಡುತ್ತಿತ್ತು. ಕೊಕ್ಕರೆಯಾದರೂ ಒಳಕ್ಕೆ ಹೋಗಿ ಬರುತ್ತಿದೆಯಲ್ಲ ಎಂದು ಅವನಿಗೆ ಸಂಕಟವಾಗುತ್ತಿತ್ತು.

ಕಥೆ ಶುರುವಾದದ್ದು ಶಶಿಕುಮಾರನ ಟೀ ಅಂಗಡಿಯಲ್ಲಿ. ನಮ್ಮ ಕಡೆ ಅನಾಹುತಗಳೆಲ್ಲ ಶುರುವಾಗುವುದು ಅಲ್ಲೇ.

“ನಮ್ ಯಜಮಾನ್ರು ಶುಂಠಿ ತೊಳ್ಯಾಕೆ ಒಸ ಮೆಷಿನ್ ತತ್ತಾರೆ, ಗೋಲ್ ಹೊಡ್ಯಾಕೆ ಒಂದ್ ಹುಡುಗನ್ ತರಾಕಿಲ್ಲ,” ಎಂದ ಶಶಿಕುಮಾರ ಟೀ ಸೋಸುತ್ತಾ. “ತಂದ್ರೂ ನಮಗೆಲ್ಲಿ ಗೊತ್ತಾಯ್ತದೆ? ಎಲ್ಲಾ ಟವಲ್ ಅಡೀಲಿ ನಡೀತದೆ.”

ಇದು ನಿಜವಾಗಿತ್ತು. ಗುರುಮಲ್ಲಪ್ಪನವರ ತಂದೆ ಸಂತೆಯಲ್ಲಿ ಎತ್ತಿನ ದಲ್ಲಾಳಿಯಾಗಿದ್ದವರು. ಕೊಡುವವನು ಕೊಳ್ಳುವವನು ಇಬ್ಬರೂ ಟವಲಿನಡಿ ಕೈ ಹಾಕಿ, ಬೆರಳ ಲೆಕ್ಕದಲ್ಲಿ ಬೆಲೆ ಹೇಳಿ ವ್ಯಾಪಾರ ಕುದುರಿಸುವುದನ್ನು ಅವರು ಕಂಡು ಬೆಳೆದವರು. ಆಟಗಾರರ ಕೊಡುಕೊಳ್ಳುವಿಕೆಯನ್ನೂ ಅವರು ಹಾಗೆಯೇ ಮಾಡುತ್ತಿದ್ದರು, ಬೇರೆ ಊರಿನ ಯಜಮಾನರೂ ಅದಕ್ಕೆ ಒಗ್ಗಿಹೋಗಿದ್ದರು. ಟವಲು ಹಾಸಿದ ಮೇಲೆ ಬಾಯಿ ತೆರೆಯುವಂತಿಲ್ಲ. ಕೈ ಕುಲುಕಿದ ಮೇಲೆ ಮಾತು ತಪ್ಪುವಂತಿಲ್ಲ. ಟವಲಿನಡಿ ಇದ್ದದ್ದು ಯಾರ ಕೈ ಎಂದು ಹೊರಗೆ ಹೇಳುವಂತೆಯೂ ಇಲ್ಲ.

ಶಿವನಂಜಪ್ಪ ಬೆಂಚಿನ ಮೇಲೆ ಕಾಲು ಮೇಲೆ ಕಾಲು ಹಾಕಿದ. “ನಿಂಗೇನ್ಲಾ ಗೊತ್ತು ಟವಲ್ ಇಸ್ಯ? ನಮ್ ತಾತ ಟವಲ್ ಅಡೀಲೇ ಅರ್ಧ ಸಂತೆ ಕೊಂಡೋರು. ಆ ಕೈಗುಣ ನಂಗೂ ಬಂದದೆ. ಎದುರ್ಗಿರೋನ ಕಿರುಬೆಳ್ಳು ಮುಟ್ಟುದ್ರೆ ಸಾಕು, ಅವ್ನು ಬೆಳಿಗ್ಗೆ ಏನ್ ತಿಂದವ್ನೆ ಅಂತ ಯೋಳ್ಬುಡ್ತೀನಿ.”

ಅವನ ತಾತ ಟವಲಿನಡಿ ಕೊಂಡದ್ದು ಒಂದೇ ಒಂದು ಎತ್ತು. ಅದಕ್ಕೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಶಿವನಂಜಪ್ಪನಂತೂ ಉಳುತ್ತಿದ್ದುದು ಬಾಡಿಗೆ ಟ್ರ್ಯಾಕ್ಟರಿನಲ್ಲಿ. ಅವನು ಟವಲನ್ನು ಬಳಸುತ್ತಿದ್ದುದು ಮೈ ಒರೆಸಿಕೊಳ್ಳುವುದಕ್ಕೆ ಮಾತ್ರ. ಆದರೆ ಟೀ ಅಂಗಡಿಯಲ್ಲಿ ಬಿಟ್ಟ ಮಾತು ಸುಮ್ಮನೆ ಕೂರುವುದಿಲ್ಲ. ಅದು ರಸ್ತೆ ದಾಟಿ ಶುಂಠಿ ಮಂಡಿಗೆ ಹೋಯಿತು.

ಅಲ್ಲಿ ಒಂದು ಪವಾಡ ನಡೆದಿತ್ತು. ಹುಣಸೂರಿನ ಮದುವೆಯೊಂದರಲ್ಲಿ ಪಂಕ್ತಿಯಲ್ಲಿ ಪಕ್ಕಕ್ಕೆ ಕೂತಿದ್ದ ಯಾರೋ ಒಬ್ಬರು, “ನಿಮ್ಮ ಹುಡುಗ್ರು ಗೋಲ್ ಹೊಡ್ಯಾಕಿಲ್ಲ ಅಂತ ದೇವ್ರಿಗೆ ಏನಾರ ಹರಕೆ ಹೊತ್ತವ್ರಾ?” ಎಂದು ಗುರುಮಲ್ಲಪ್ಪನವರನ್ನು ಕೇಳಿಬಿಟ್ಟಿದ್ದರು. ಯಜಮಾನರು ಪಾಯಸ ಬಿಟ್ಟು ಎದ್ದಿದ್ದರು. ಅವರು ಪಾಯಸ ಬಿಟ್ಟದ್ದು ಅದೇ ಮೊದಲು. ಮನೆಗೆ ಬಂದವರೇ ಕೆ.ಆರ್. ನಗರಕ್ಕೆ ಫೋನು ಮಾಡಿ, ಅಲ್ಲಿಯ ತಂಡದ ಯಜಮಾನರಾದ ರೈಸ್‌ಮಿಲ್ ಮಹದೇವಪ್ಪನವರನ್ನು ಮಾತಿಗೆ ಕರೆದರು. ಕೆ.ಆರ್. ನಗರದಲ್ಲಿ ಭತ್ತದಂತೆ ಗೋಲು ಹೊಡೆಯುವ ಫಾರ್ವರ್ಡುಗಳೂ ಹೆಚ್ಚಾಗಿದ್ದರು. ಅವರಲ್ಲಿ ಚೇತನ್‌ಕುಮಾರ ಎನ್ನುವ ಹುಡುಗ ಆಟಕ್ಕಿಂತ ಹೆಚ್ಚಾಗಿ ಬೆಂಚಿನ ಮೇಲೆ ಕೂತಿರುತ್ತಿದ್ದ. ಅವನನ್ನು ತಂದು ಸುನೀಲನ ಜೊತೆಗೆ ಕಟ್ಟುವುದು ಎಂದು ತೀರ್ಮಾನವಾಗಿತ್ತು.

ಮಹದೇವಪ್ಪನವರು ಬರುವ ದಿನ ಬೆಳಿಗ್ಗೆ ಶುಂಠಿ ಮೂಟೆ ಎತ್ತಿಡಲು ಹೋದ ಗುರುಮಲ್ಲಪ್ಪನವರ ಬಲಗೈಗೆ ಕಣಜ ಕಚ್ಚಿತು. ಕೈ ಬೋಂಡದಂತೆ ಊದಿತು. ಎಡಗೈಯಲ್ಲಿ ವ್ಯಾಪಾರ ಮಾಡುವುದು ಅವರ ವಂಶದಲ್ಲೇ ಇಲ್ಲ. ಮಗ ಗೌರೀಶ, “ನಾನ್ ಹಾಕ್ತೀನಿ ಬುಡಿ ಅಪ್ಪಾಜಿ,” ಎಂದ.

“ನೀನ್ ಕೈ ಹಾಕುದ್ರೆ ವಾಚೂ ಬಿಚ್ಚಿ ಕೊಟ್ಬುಟ್ ಬತ್ತೀಯ. ಓಗು, ಶಿವನಂಜಪ್ಪನ್ ಕರ್ಕಂಡ್ ಬಾ. ಅವ್ನ್ ಕೈ ಪಳಗಿದ್ ಕೈ ಅಂತೆ,” ಎಂದರು ಯಜಮಾನರು.

ಕರೆ ಬಂದಾಗ ಶಿವನಂಜಪ್ಪ ಹಿತ್ತಲಲ್ಲಿ ಹಸುವಿಗೆ ಹಿಂಡಿ ಕಲಸುತ್ತಿದ್ದ. ನನಗೆ ಗೊತ್ತಿಲ್ಲ ಎಂದು ಹೇಳಲು ಅದೇ ಸಮಯ. ಆದರೆ ಕಣ್ಣ ಮುಂದೆ ಬಲೆ ಉಬ್ಬುವುದು ಕಾಣಿಸಿತು. ಅವನು ಕೈ ತೊಳೆದುಕೊಂಡು ಬಿಳಿ ಅಂಗಿ ತೊಟ್ಟ.

“ಎಲ್ಲಿಗ್ರೀ?” ಎಂದಳು ಸುನಂದಮ್ಮ.

“ಊರಿಗೆ ಒಬ್ಬ ಫಾರ್ವರ್ಡ್ ತರಾಕೆ.”

“ಅಂಗೇ ಬರ್ತಾ ಕೊತ್ತಂಬ್ರಿ ಸೊಪ್ಪು ತನ್ನಿ. ಮೊನ್ನೆ ಅಂಗೆ ಸಬ್ಬಸ್ಗೆ ತರ್ಬ್ಯಾಡಿ.”

ಮಂಡಿಯ ಬಾಗಿಲ ಹೊರಗೆ ಶಶಿಕುಮಾರ ಮತ್ತು ಅಭಿಮಾನಿಗಳು ಮಳೆಯಲ್ಲಿ ನಿಂತಿದ್ದರು. ಒಳಗೆ ಚಾಪೆಯ ಮೇಲೆ ಒಂದು ಕಡೆ ಮಹದೇವಪ್ಪನವರು, ಇನ್ನೊಂದು ಕಡೆ ಶಿವನಂಜಪ್ಪ. ಹಿಂದೆ ಗುರುಮಲ್ಲಪ್ಪನವರು ಊದಿದ ಕೈಗೆ ಸುಣ್ಣ ಹಚ್ಚಿಕೊಂಡು ಕೂತಿದ್ದರು. ಗೌರೀಶ ಟವಲು ಹಾಸಿದ. ಎಲ್ಲರ ಬಾಯಿ ಮುಚ್ಚಿತು.

ಓದುಗರಿಗೆ ಇಲ್ಲಿ ಒಂದು ಸಂಗತಿ ಹೇಳಬೇಕು. ಟವಲಿನಡಿ ಕೊಡುವವನ ಕೈ ಮೇಲಿರುತ್ತದೆ, ಕೊಳ್ಳುವವನ ಕೈ ಕೆಳಗಿರುತ್ತದೆ. ಲೋಕದಲ್ಲಿ ಕೊಡುವ ಕೈಯೇ ಮೇಲಲ್ಲವೇ? ಇದು ಸಂತೆಗೆ ಒಮ್ಮೆ ಹೋಗಿ ಬಂದ ಮಕ್ಕಳಿಗೂ ಗೊತ್ತು. ಎಷ್ಟು ಗೊತ್ತೆಂದರೆ, ಅದನ್ನು ಶಿವನಂಜಪ್ಪನಿಗೆ ಹೇಳಿಕೊಡಬೇಕೆಂದು ಗುರುಮಲ್ಲಪ್ಪನವರಿಗೆ ಹೊಳೆಯಲೇ ಇಲ್ಲ.

ಮಹದೇವಪ್ಪನವರು ಕೈ ತೂರಿಸುವ ಮೊದಲೇ ಶಿವನಂಜಪ್ಪ ತೂರಿಸಿದ. ಅವರ ಕೈ ಸಿಕ್ಕಿದ್ದೇ ತಡ, ಎಲ್ಲಿ ತಪ್ಪಿಸಿಕೊಂಡು ಹೋಗುತ್ತದೋ ಎಂದು ಮೇಲಿನಿಂದ ಅವುಚಿ ಹಿಡಿದ. ಮಹದೇವಪ್ಪನವರು ಬೆಚ್ಚಿ ಹುಬ್ಬು ಏರಿಸಿದರು. ಕೈಯನ್ನು ಮೇಲಕ್ಕೆ ತರಲು ನೋಡಿದರು. ಶಿವನಂಜಪ್ಪ ಇನ್ನೂ ಬಲವಾಗಿ ಅದುಮಿದ. ಅವರು ಕಣ್ಣಿನಲ್ಲೇ ‘ಖಂಡಿತವೋ?’ ಎಂದು ಕೇಳಿದರು. ಅವನು ಕಣ್ಣಿನಲ್ಲೇ ‘ಖಂಡಿತ’ ಎಂದ. ಅವರು ಒಂದು ಬೆರಳು ಹಿಡಿದರು, ಅವನು ತಲೆಯಾಡಿಸಿದ. ಇನ್ನೊಂದು ಹಿಡಿದರು, ಅದಕ್ಕೂ ಆಡಿಸಿದ. ಹಿಂದೆ ಕೂತ ಗುರುಮಲ್ಲಪ್ಪನವರಿಗೆ ಕಾಣುತ್ತಿದ್ದುದು ಅವನ ಬೆನ್ನು ಮಾತ್ರ. ಆ ಬೆನ್ನಿನಲ್ಲಿ ಬಹಳ ವಿಶ್ವಾಸವಿತ್ತು. ಕೊನೆಗೆ ಮಹದೇವಪ್ಪನವರು ಮೂರು ಸಲ ಕೈ ಕುಲುಕಿ, ಟವಲು ತೆಗೆದು ಕಣ್ಣಿಗೊತ್ತಿಕೊಂಡರು.

“ಗುರುಮಲ್ಲಪ್ನೋರೇ, ನಾನು ಕೊಡಕ್ಕೆ ಬಂದಿದ್ದೆ. ನೀವೇ ಕೊಟ್ಬುಟ್ರಿ. ಯಾರ್ಗೈತೆ ಸ್ವಾಮಿ ಇಂಥ ಮನಸ್ಸು?” ಎಂದರು. ಅವರ ಕಣ್ಣಲ್ಲಿ ನೀರಿತ್ತು. “ಸುನೀಲನ್ನ ನಮ್ಮನೆ ಮಗನಂಗೆ ನೋಡ್ಕತೀವಿ.”

ಸುನೀಲನ ಹೆಸರನ್ನು ಯಾರೂ ಎತ್ತಿರಲಿಲ್ಲ, ಎತ್ತುವ ಅಗತ್ಯವೂ ಇರಲಿಲ್ಲ. ಹಂಪಾಪುರದಲ್ಲಿ ಇನ್ನೊಬ್ಬರು ಆಸೆಪಟ್ಟು ಕೊಳ್ಳುವಂಥ ಆಟಗಾರ ಇದ್ದವನು ಅವನೊಬ್ಬನೇ.

ಗುರುಮಲ್ಲಪ್ಪನವರ ಮುಖ ಅವರ ಕೈಗಿಂತ ಹೆಚ್ಚಾಗಿ ಊದಿತು. ಆದರೆ ಕೈ ಕುಲುಕಿ ಆಗಿತ್ತು. ಟವಲಿನಡಿ ಕೊಟ್ಟ ಮಾತಿಗೆ ತಪ್ಪಿದವನು ಎಂದು ಹೆಸರು ಬಂದರೆ ನಾಳೆ ಯಾವ ರೈತ ಶುಂಠಿ ತಂದು ಹಾಕುತ್ತಾನೆ? ಅವರು ಮಹದೇವಪ್ಪನವರಿಗೆ ಎಲೆ ಅಡಿಕೆ ಕೊಟ್ಟು, ಕಾರಿನ ತನಕ ಬಿಟ್ಟು ಬಂದು, ಶಿವನಂಜಪ್ಪನ ಮುಂದೆ ನಿಂತರು.

“ನಿಮ್ ತಾತ ಕೊಂಡಿದ್ ಎತ್ತಿಗೆ ಯಾವ್ ಕಣ್ಣಯ್ಯ ಕಾಣ್ತಿರ್ಲಿಲ್ಲ?” ಎಂದರು.

“ಎಡಗಣ್ಣು ಯಜಮಾನ್ರೇ.”

“ಒಂದಾರ ಕಾಣ್ತಿತ್ತಲ್ಲ,” ಎಂದು ಹೇಳಿ ಒಳಗೆ ಹೋದರು.

ಹೊರಗೆ ಶಶಿಕುಮಾರ ಓಡಿ ಬಂದ. “ಏನಾಯ್ತಣ್ಣ? ಚೇತನ್‌ಕುಮಾರ ಬತ್ತಾನಾ?”

“ಟವಲ್ ಇಸ್ಯ ಕಣ್ಲಾ. ಆಚೆ ಯೋಳಂಗಿಲ್ಲ,” ಎಂದ ಶಿವನಂಜಪ್ಪ. ಟವಲಿನ ಬಗ್ಗೆ ಅವನು ಆಡಿದ ಮಾತುಗಳಲ್ಲಿ ನಿಜವಾದದ್ದು ಅದೊಂದೇ. ಕೊತ್ತಂಬರಿ ಸೊಪ್ಪು ಮರೆತುಹೋಗಿತ್ತು.

ನಿಜ ಎಷ್ಟು ದಿನ ಟವಲಿನಡಿ ಇರುತ್ತದೆ? ಕೆ.ಆರ್. ನಗರದವರು ತಮ್ಮ ಹೊಸ ಅಂಗಿ ತೊಟ್ಟ ಸುನೀಲನ ಫೋಟೋ ಹಾಕಿ ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿಸಿಬಿಟ್ಟರು. ಅದರ ಚಿತ್ರ ಹಂಪಾಪುರದ ಪ್ರತಿಯೊಂದು ಮೊಬೈಲಿಗೂ ಬಂತು. ಊರು ಹೊತ್ತಿಕೊಂಡಿತು.

“ಒಬ್ಬನ್ನ ತನ್ನಿ ಅಂದ್ರೆ ಇದ್ದೊಬ್ಬನ್ನೂ ಮಾರ್ಬುಟ್ರಲ್ಲೋ!” ಎಂದು ಶಶಿಕುಮಾರ ಟೀ ಪಾತ್ರೆ ಕುಕ್ಕಿದ. “ಶಿವನಂಜಣ್ಣ, ನೀನೇ ನಮ್ ಲೀಡ್ರು. ನಡಿ, ಮಂಡಿ ಮುಂದೆ ಕೂತ್ಕಳವ.”

ಹೀಗೆ, ತನ್ನ ಕೈ ಮಾಡಿದ ತಪ್ಪಿನ ವಿರುದ್ಧ ತಾನೇ ಮುಷ್ಟಿ ಬಿಗಿದು ಘೋಷಣೆ ಕೂಗುವ ಯೋಗ ಶಿವನಂಜಪ್ಪನಿಗೆ ಒದಗಿತು. “ಸುನೀಲನ್ ಮಾರ್ದೋರಿಗೆ” ಎಂದು ಅವನು ಕೂಗಬೇಕು, “ಧಿಕ್ಕಾರ” ಎಂದು ಊರು ಹೇಳಬೇಕು. ಅವನು ಎಷ್ಟು ಸಣ್ಣ ದನಿಯಲ್ಲಿ ಕೂಗಿದನೆಂದರೆ ಅಭಿಮಾನಿಗಳು ಅದನ್ನು ದುಃಖ ಎಂದು ತಿಳಿದು ಇನ್ನೂ ಜೋರಾಗಿ ಧಿಕ್ಕಾರ ಹಾಕಿದರು. ಪ್ರತಿ ಧಿಕ್ಕಾರಕ್ಕೂ ಅವನು ಒಂದಿಷ್ಟು ಕುಗ್ಗಿದ. ಮೇಲಿನ ಮಹಡಿಯಿಂದ ಗುರುಮಲ್ಲಪ್ಪನವರು ನೋಡುತ್ತಿದ್ದರು. ಒಂದು ಮಾತು ಅಂದಿದ್ದರೆ ಅವರು ಪಾರಾಗುತ್ತಿದ್ದರು. ಟವಲಿನಡಿಯ ಕೈ ಯಾರದು ಎಂದು ಹೇಳಬಾರದು, ಆದ್ದರಿಂದ ಅವರು ಬೈಸಿಕೊಂಡು ಸುಮ್ಮನೆ ನಿಂತಿದ್ದರು. ಶಿವನಂಜಪ್ಪನಿಗೆ ಅದನ್ನು ನೋಡಲಾಗಲಿಲ್ಲ.

ಗಲಾಟೆಯ ಸುದ್ದಿ ಕೇಳಿ ಪಂಚಾಯತಿಯ ಪಿಡಿಒ ಬಂದರು. ಮನವಿ ಏನೆಂದು ಕೇಳಿದರು.

“ಸಾ, ನಮ್ಗೆ ಪಂಚಾಯ್ತಿಯಿಂದ ಒಬ್ಬ ಫಾರ್ವರ್ಡ್ ಕೊಡುಸ್ಬೇಕು,” ಎಂದ ಶಶಿಕುಮಾರ.

ಪಿಡಿಒ ಗಂಭೀರವಾಗಿ ಯೋಚಿಸಿದರು. “ನೋಡ್ರಪ್ಪ, ಚರಂಡಿ ಇದೆ, ಬೀದಿ ದೀಪ ಇದೆ, ದನದ ಕೊಟ್ಟಿಗೆ ಇದೆ. ಫಾರ್ವರ್ಡ್‌ಗೆ ಯಾವ ಯೋಜನೇಲೂ ಅವಕಾಶ ಇಲ್ಲ. ಬೇಕಾದ್ರೆ ಗೋಲ್ ಕಂಬದ ಹಿಂದೆ ಇಂಗುಗುಂಡಿ ಮಾಡಿಸ್ಕೊಡ್ತೀನಿ.”

“ಗೋಲೇ ಇಲ್ದೆ ಗುಂಡಿ ಏನ್ ಮಾಡವ ಸಾ?”

ಇಷ್ಟರಲ್ಲಿ ಗೌರೀಶ ಕೆಳಗಿಳಿದು ಬಂದ. ಬೆಳಗಿನಿಂದ ಅಪ್ಪನಿಗೆ ಬಿದ್ದ ಬೈಗುಳ ಕೇಳಿ ಅವನ ತಾಳ್ಮೆ ಮುಗಿದಿತ್ತು. “ಶಿವನಂಜಣ್ಣ, ನಮ್ಮಪ್ಪಾಜಿ ಬಾಯ್ ಬುಡಾಕಿಲ್ಲ. ನೀವಾರ ಬುಡಿ. ಟವಲ್ ಅಡೀಲಿ ಕೈ ಮೇಲಿಟ್ಟು ಅದುಮಿದ್ದು ನೀವಾ, ನಮ್ಮಪ್ಪಾಜಿನಾ?”

ಎಲ್ಲರೂ ಶಿವನಂಜಪ್ಪನ ಕೈ ನೋಡಿದರು. ಅದು ಇನ್ನೂ ಧಿಕ್ಕಾರಕ್ಕಾಗಿ ಮೇಲೆತ್ತಿದಂತೆಯೇ ಇತ್ತು. ಅವನು ಅದನ್ನು ನಿಧಾನವಾಗಿ ಇಳಿಸಿ ಬೆನ್ನ ಹಿಂದೆ ಇಟ್ಟುಕೊಂಡ.

“ತರಾಕೇ ಹಾಕ್ದೆ ಕಣ್ರಪ್ಪ,” ಎಂದ. “ತರಾಕೇ.”

ಯಾರೂ ಹೊಡೆಯಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಅವನಿಗೆ ಅನ್ನಿಸಿತು. ಎಲ್ಲರೂ ಒಬ್ಬೊಬ್ಬರಾಗಿ ಎದ್ದು ಮನೆಗೆ ಹೋದರು. ಇಂಗುಗುಂಡಿಯ ಕಾಗದ ಹಿಡಿದುಕೊಂಡು ಪಿಡಿಒ ಒಬ್ಬರೇ ಉಳಿದರು.

ಮನೆಯಲ್ಲಿ ದೊಡ್ಡತಾಯಮ್ಮ ಜಗುಲಿಯ ಮೇಲೆ ಆಗಲೇ ಬಂದು ಕೂತಿದ್ದಳು. “ಏನ್ಲಾ ಶಿವನಂಜ, ನನ್ ಮೊಮ್ಮಗನ್ನ ಎತ್ತು ಹಿಡ್ಕೊಟ್ಟಂಗೆ ಹಿಡ್ಕೊಟ್ಬುಟ್ಟಂತಲ್ಲೋ! ಹಲ್ಲಾರ ಎಣ್ಸುದ್ರೇನ್ಲಾ ಅವ್ರು? ಸುಳಿ ನೋಡುದ್ರಾ?”

“ಇಲ್ಲ ಕಣವ್ವ.”

“ನೋಡ್ದೆ ತಕ್ಕಂಡ್ರಾ? ಪರ್ವಾಗಿಲ್ಲ, ನಂಬ್ಕೆ ಜನ,” ಎಂದು ಅವಳು ಅಷ್ಟಕ್ಕೇ ಅರ್ಧ ಸಮಾಧಾನವಾದಳು.

ಸುನಂದಮ್ಮ ಅಷ್ಟು ಸುಲಭದವಳಲ್ಲ. “ಸೊಪ್ಪಿನಂಗ್ಡೀಲಿ ಕೊತ್ತಂಬ್ರಿ ಯಾವ್ದು ಸಬ್ಬಸ್ಗೆ ಯಾವ್ದು ಅಂತ ತಿಳೀದಿರೋ ಕೈಗೆ ಊರ್ ಹುಡುಗನ್ ಕೊಟ್ರಲ್ಲ, ಆ ಯಜಮಾನ್ರಿಗೆ ಬುದ್ಧಿ ಬ್ಯಾಡ್ವಾ?” ಎಂದಳು. ಆಮೇಲೆ ಗಂಡನ ಮುಖ ನೋಡಿ ತಟ್ಟೆ ಹಾಕಿದಳು. ಅವನು ಉಣ್ಣಲಿಲ್ಲ.

ಸುನೀಲ ಹೊರಡುವ ದಿನ ಬೆಳಿಗ್ಗೆ ಹೇಳಿಹೋಗಲು ಬಂದ. ಕಾಲಲ್ಲಿ ಕೆ.ಆರ್. ನಗರದವರು ಕೊಟ್ಟ ಹೊಸ ಬೂಟು. ಹಂಪಾಪುರದಲ್ಲಿ ಅವನು ಹೊಲಿಗೆ ಹಾಕಿಸಿದ ಬೂಟಿನಲ್ಲೇ ಆಡಿದವನು. ಶಿವನಂಜಪ್ಪ ಅವನನ್ನು ಹಿತ್ತಲಿಗೆ ಕರೆದ.

“ನೀನ್ ಓಗಾಕಿಲ್ಲ ಅನ್ಬುಡ್ಲಾ. ಕಾಲ್ ನೋವು ಅನ್ನು. ಅಜ್ಜಿಗೆ ಉಸಾರಿಲ್ಲ ಅನ್ನು. ಟವಲ್ ಅಡೀಲಿ ಇದ್ದಿದ್ ನನ್ ಕೈ ತಾನೆ, ನಿನ್ ಕಾಲಲ್ವಲ್ಲ.”

ಸುನೀಲ ಹಸುವಿನ ಕುತ್ತಿಗೆ ಕೆರೆಯುತ್ತಾ ನಿಂತ. “ಯಜಮಾನ್ರ ಮಾತು ಓಯ್ತದೆ ಮಾವ.” ಆಮೇಲೆ ಹೇಳಿದ: “ಅದೊಂದೇ ಅಲ್ಲ. ನಂಗೂ ಆಸೆ ಅದೆ. ನಾನು ಓಡಿ ಓಡಿ ಜಾಗಕ್ಕೆ ಓಗಿ ನಿಂತ್ಕತೀನಿ, ತಿರುಗಿ ನೋಡುದ್ರೆ ಚೆಂಡು ಕೊಡೋರೇ ಇಲ್ಲ. ಒಂದ್ಸಲ ಯಾರಾರ ಸರ್ಯಾಗಿ ಚೆಂಡು ಕೊಟ್ರೆ ಎಂಗಿರ್ತದೆ ಅಂತ ನೋಡ್ಬೇಕು ಮಾವ.”

ತಾನು ಬೇಲಿಯ ಈಚೆ ನಿಂತು ಪಟ್ಟ ಸಂಕಟವನ್ನೇ ಈ ಹುಡುಗ ಬೇಲಿಯ ಆಚೆ ನಿಂತು ಪಡುತ್ತಿದ್ದ ಎನ್ನುವುದು ಶಿವನಂಜಪ್ಪನಿಗೆ ಗೊತ್ತೇ ಇರಲಿಲ್ಲ. ಸುನಂದಮ್ಮ ಕಟ್ಟಿಕೊಟ್ಟ ರೊಟ್ಟಿ ಗಂಟನ್ನು ಬಸ್ಸಿನ ತನಕ ತಾನೇ ಹೊತ್ತುಕೊಂಡು ಹೋಗಿ ಕೊಟ್ಟು ಬಂದ.

ಸುಗ್ಗಿ ಮುಗಿಯಿತು. ಸೀಸನ್ನಿನ ಮೊದಲ ಪಂದ್ಯವೇ ಕೆ.ಆರ್. ನಗರದಲ್ಲಿ, ಕೆ.ಆರ್. ನಗರದ ಮೇಲೆಯೇ ಬಿತ್ತು. ಹಂಪಾಪುರದವರು ಶುಂಠಿ ಲಾರಿ ಹತ್ತಿ ಹೊರಟರು. ದೊಡ್ಡತಾಯಮ್ಮ ಡ್ರೈವರಿನ ಪಕ್ಕ ಕೂತಳು. ಶಿವನಂಜಪ್ಪನನ್ನು ಹತ್ತಿಸಿಕೊಳ್ಳುವುದೋ ಬೇಡವೋ ಎಂದು ಲಾರಿಯಲ್ಲಿ ಚರ್ಚೆ ನಡೆದು, ಕೊನೆಗೆ ಹಿಂಬಾಗಿಲ ಬಳಿ ನಿಲ್ಲಲು ಜಾಗ ಕೊಟ್ಟರು. ಕೈ ಎಲ್ಲೂ ಇಡಬಾರದು ಎಂದು ಷರತ್ತು ಹಾಕಿದರು. ಲಾರಿ ಚಾಮರಾಜ ನಾಲೆಯ ಸೇತುವೆ ದಾಟುವಾಗ ಶಶಿಕುಮಾರ ಎಲ್ಲರಿಂದಲೂ ಪ್ರಮಾಣ ಮಾಡಿಸಿದ: ಸುನೀಲನ ಕಡೆ ಯಾರೂ ನೋಡಬಾರದು. ಅವನ ಕಾಲಿಗೆ ಚೆಂಡು ಬಂದರೆ ಎಲ್ಲರೂ ಬೆನ್ನು ತಿರುಗಿಸಿ ನಿಲ್ಲಬೇಕು.

ಸುನೀಲನ ಜಾಗದಲ್ಲಿ ಗುರುಮಲ್ಲಪ್ಪನವರು ಮಗ ಗೌರೀಶನನ್ನೇ ನಿಲ್ಲಿಸಿದ್ದರು. ಹೊಸಬನನ್ನು ತರಲು ರೇಟು ಇನ್ನೂ ಇಳಿದಿರಲಿಲ್ಲ. ಗೌರೀಶ ವಾಚು ಕಟ್ಟಿಕೊಂಡೇ ಆಡಿದ. ಚೆಂಡು ಹತ್ತಿರ ಬಂದಾಗಲೆಲ್ಲ ಅದಕ್ಕೆ ದಾರಿ ಬಿಟ್ಟುಕೊಟ್ಟ. ಬೇಲಿಯ ಪಕ್ಕ ಹಂಪಾಪುರದವರು ಸಾಲಾಗಿ, ಸೂತಕದ ಮನೆಯವರಂತೆ ನಿಂತಿದ್ದರು. ಅವರ ನಡುವೆ ಯಜಮಾನರು, ತುದಿಯಲ್ಲಿ ಶಿವನಂಜಪ್ಪ.

ಆಗ, ಅಂದು ಬೆಂಚಿನಿಂದ ಎಬ್ಬಿಸಿ ಆಡಿಸಿದ್ದ ಕೆ.ಆರ್. ನಗರದ ಚೇತನ್‌ಕುಮಾರ ಎಡಗಡೆಯಿಂದ ಚೆಂಡನ್ನು ತಂದ. ಸುನೀಲ ಓಡಿ ಓಡಿ ಜಾಗಕ್ಕೆ ಹೋಗಿ ನಿಂತ. ಶಿವನಂಜಪ್ಪ ಬೆನ್ನು ತಿರುಗಿಸಬೇಕಾಗಿತ್ತು. ತಿರುಗಿಸಲು ಆಗಲಿಲ್ಲ. ಪಕ್ಕಕ್ಕೆ ಕಣ್ಣು ಹಾಯಿಸಿದರೆ ಒಬ್ಬರೂ ತಿರುಗಿಸಿರಲಿಲ್ಲ. ಸುನೀಲ ತಿರುಗಿ ನೋಡಿದ. ಚೆಂಡು ಬರುತ್ತಿತ್ತು, ಸರಿಯಾಗಿ ಅವನ ಬಲಗಾಲಿಗೇ ಬರುತ್ತಿತ್ತು.

ಬಲೆ ಉಬ್ಬಿತು.

“ಗೋಲ್!” ಎಂದು ಒಂದು ಕೂಗು ಎದ್ದಿತು. ಅದು ಯಾರ ಕೂಗು ಎಂದು ಶಿವನಂಜಪ್ಪನಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನ ಗಂಟಲೇ ಹರಿದುಹೋಗಿತ್ತು. ಆದರೆ ಅವನೊಬ್ಬನೇ ಅಲ್ಲ. ಹಂಪಾಪುರದ ಸಾಲಿಗೆ ಸಾಲೇ ನೆಗೆದು ನೆಗೆದು ಕೂಗುತ್ತಿತ್ತು. ಶಶಿಕುಮಾರ ಯಾರನ್ನೋ ತಬ್ಬಿಕೊಂಡಿದ್ದ, ನೋಡಿದರೆ ಗುರುಮಲ್ಲಪ್ಪನವರನ್ನು. ಯಜಮಾನರು ಹೆಗಲ ಮೇಲಿನ ಶಲ್ಯ ತೆಗೆದು ತಲೆಯ ಮೇಲೆ ತಿರುಗಿಸುತ್ತಿದ್ದರು. ಮೈದಾನದಲ್ಲಿ ಗೌರೀಶನೂ ಎರಡೂ ಕೈ ಎತ್ತಿದ್ದ. ದೊಡ್ಡತಾಯಮ್ಮ ಪಕ್ಕದಲ್ಲಿದ್ದ ಕೆ.ಆರ್. ನಗರದವನೊಬ್ಬನ ಮುಖ ಸವರಿ, ನೆಟಿಗೆ ಮುರಿದು ದೃಷ್ಟಿ ತೆಗೆಯುತ್ತಿದ್ದಳು.

ಕೆ.ಆರ್. ನಗರದವರು ಚಪ್ಪಾಳೆ ನಿಲ್ಲಿಸಿ, ಬಾಯಿ ಬಿಟ್ಟು ಇವರನ್ನೇ ನೋಡತೊಡಗಿದರು. ಸಾಲಿನ ಹಿಂದಿನಿಂದ ಯಾರೋ ಮೆಲ್ಲಗೆ, “ಲೇ, ಗೋಲ್ ಬಿದ್ದಿರಾದು ನಮ್ಗೆ ಕಣ್ರಲಾ,” ಎಂದ.

“ಬೀಳ್ಲಿ ಬುಡು,” ಎಂದ ಶಶಿಕುಮಾರ. ಅವನು ಕಣ್ಣೊರೆಸಿಕೊಳ್ಳುತ್ತಿದ್ದ.

ಸುನೀಲ ತನ್ನ ಹೊಸ ತಂಡದವರ ಕಡೆ ಓಡಲಿಲ್ಲ. ಹಳೆಯ ಅಭ್ಯಾಸ, ಕಾಲು ಅವನನ್ನು ನೇರ ಹಂಪಾಪುರದ ಬೇಲಿಯ ಕಡೆಗೇ ತಂದಿತು. ಶಿವನಂಜಪ್ಪನ ಮುಂದೆ ಬಂದು ನಿಂತ ಮೇಲೆ ತಾನು ಎಲ್ಲಿದ್ದೇನೆ ಎನ್ನುವುದು ನೆನಪಾಗಿ ಅವನ ಮುಖ ಸಣ್ಣದಾಯಿತು.

“ತಪ್ಪಾಯ್ತಾ ಮಾವ?” ಎಂದ.

ಶಿವನಂಜಪ್ಪ ಬೇಲಿಯ ತಂತಿಯ ನಡುವೆ ಕೈ ತೂರಿಸಿ ಅವನ ಬೆವತ ಕೈ ಹಿಡಿದುಕೊಂಡ. ಅಷ್ಟರಲ್ಲಿ ರೆಫ್ರಿ ಸೀಟಿ ಊದಿ ಸುನೀಲನನ್ನು ಕರೆದ.

“ಇನ್ನೊಂದ್ ಹೊಡಿ ಮಗ,” ಎಂದು ಶಿವನಂಜಪ್ಪ ಅವನ ಕೈ ಬಿಟ್ಟ.